ಉಸಿರಾಡದ ಗಿರಾಕಿಗಳು

ಶಹಾಪುರದ ಜವಳಿ ವ್ಯಾಪಾರಿ ಸಂಗಮನಾಥ ಚಹಾದ ಕಪ್ಪನ್ನು ಟಪ್ಪೆಂದು ಕೆಳಗಿಟ್ಟು ಘೋಷಿಸಿಯೇಬಿಟ್ಟ.

"ಈ ದೀಪಾವಳಿಗೆ ನಮ್ಮ ಅಂಗಡ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ನೋಡ್ತಿರು! ಸರಕಾರ ನೌಕರದಾರರಿಗೆ ಇನ್‌ಕಮ್ ಟ್ಯಾಕ್ಸಿನಾಗ ರಿಯಾಯಿತಿ ಕೊಟ್ಟದ. ಆ ರೊಕ್ಕ ಎಲ್ಲಿಗೆ ಹೋಗ್ತದ? ಸೀದಾ ನನ್ನ ಗಲ್ಲಾಕ್ಕ!"

"ಯಾಕ್ರೀ, ರೊಕ್ಕಕ್ಕ ನಿಮ್ಮ ಅಂಗಡಿ ದಾರಿ ಹೇಳಿ ಕಳಿಸ್ಯದೇನು ಸರಕಾರ?" ಎಂದಳು ಹೆಂಡತಿ ಸೌಭಾಗ್ಯ. ಆಕೆ ಭೀಮರಾಯನಗುಡಿಯ ಶಾಲೆಯೊಂದರಲ್ಲಿ ಟೀಚರ್. ರಿಯಾಯಿತಿ ಸಿಕ್ಕವರಲ್ಲಿ ಅವಳೂ ಒಬ್ಬಳು.

"ನಿನಗ ಅರ್ಥಶಾಸ್ತ್ರ ತಿಳಿಯಂಗಿಲ್ಲ ಬಿಡು. ರೊಕ್ಕ ತಿರುಗಿದ್ರನ ದೇಶ ಏಳ್ತದ!"

ದೇಶವನ್ನು ಎಬ್ಬಿಸುವ ಹುರುಪಿನಲ್ಲಿ ಇದ್ದಬದ್ದ ಬಂಡವಾಳವನ್ನೆಲ್ಲ ಇಳಕಲ್ ಸೀರೆಗಳಿಗೆ ಸುರಿದ. ಮಾಲು ಹೋಗದಿದ್ದರೆ ಅಪ್ಪನ ಕಾಲದ ಅಂಗಡಿಗೆ ಬೀಗವೇ ಗತಿ.

ಹಬ್ಬ ಹತ್ತಿರ ಬಂತು, ಗಿರಾಕಿ ಬರಲಿಲ್ಲ. ಬಜಾರಿನ ತುಂಬ ದೀಪದ ಸರಗಳು ಮಿಣುಕುತ್ತಿದ್ದವು, ಅವುಗಳ ಕೆಳಗೆ ನರಪಿಳ್ಳೆ ಇಲ್ಲ! ಅಂಗಡಿಕಾರರೆಲ್ಲ ಹೊಸ್ತಿಲಲ್ಲಿ ನಿಂತು ಖಾಲಿ ರಸ್ತೆಯನ್ನೇ ನೋಡುತ್ತಿದ್ದರು. ಊರೇ ಉಸಿರು ಬಿಗಿಹಿಡಿದು ಏನನ್ನೋ ಕಾಯುತ್ತಿದೆ ಅನ್ನಿಸಿತು ಸಂಗಮನಾಥನಿಗೆ.

ಆಗ ಹೊಳೆಯಿತು ಮಹಾ ಉಪಾಯ! ಜನರನ್ನು ಕಂಡರೆ ತಾನೆ ಜನ ಬರುವುದು? ಯಾದಗಿರಿಯಲ್ಲಿ ಮುಚ್ಚಿಹೋದ ಜವಳಿ ಅಂಗಡಿಯೊಂದರ ಆಳೆತ್ತರದ ಗೊಂಬೆಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದ. ಒಂದಕ್ಕೆ ಮೂಗಿರಲಿಲ್ಲ, ಇನ್ನೊಂದಕ್ಕೆ ಕಣ್ಣು ಅಳಿಸಿಹೋಗಿತ್ತು. ಎಲ್ಲಕ್ಕೂ ಸೀರೆ ಉಡಿಸಿ, ತಲೆ ಮೇಲೆ ಸೆರಗು ಹೊದಿಸಿ, ರಸ್ತೆಗೆ ಬೆನ್ನು ಮಾಡಿ ಗಲ್ಲಾದ ಮುಂದೆ ಒತ್ತೊತ್ತಾಗಿ ನಿಲ್ಲಿಸಿದ. ದೂರದಿಂದ ನೋಡಿದರೆ ಎಂಥಾ ವ್ಯಾಪಾರ!

ಮುಸ್ಸಂಜೆಗೆ, ಸಂಗಮನಾಥ ಚಹಾಕ್ಕೆಂದು ಹೊರಗೆ ಹೋಗಿದ್ದಾಗ, ಟೇಲರ್ ಅನ್ವರಬಿ ಅಸ್ತರಿನ ಬಟ್ಟೆಗೆಂದು ಬಂದಳು. ಗುಂಪು ಕಂಡು ಪಾಳಿಗೆ ನಿಂತಳು. ಎಷ್ಟು ಹೊತ್ತಾದರೂ ಯಾರೂ ಕದಲಲಿಲ್ಲ, ಯಾರೂ ಚೌಕಾಸಿ ಮಾಡಲಿಲ್ಲ, ಬಳೆಯ ಸದ್ದು ಕೂಡ ಇಲ್ಲ.

"ಅಕ್ಕಾರ, ಜರಾ ಸರೀರಿ," ಎಂದು ಮುಂದಿದ್ದವಳ ತೋಳು ಹಿಡಿದಳು. ತೋಳು ತಣ್ಣಗೆ ಕೊರೆಯುತ್ತಿತ್ತು. ಗಾಬರಿಯಲ್ಲಿ ಎಳೆದಳು. ತೋಳು ಬಂದೇಬಿಟ್ಟಿತು!

"ಯಾ ಅಲ್ಲಾ! ಮುರ್ದಾ ಗಿರಾಕಿ!"

ಅನ್ವರಬಿ ಓಡಿದಳು. ಸುದ್ದಿ ಅವಳಿಗಿಂತ ಮುಂದೆ ಓಡಿತು. ಸಂಗಮನಾಥನ ಅಂಗಡಿಯಲ್ಲಿ ಸತ್ತವರು ಸೀರೆ ಆರಿಸುತ್ತಿದ್ದಾರಂತೆ! ಮರುದಿನದಿಂದ ಆ ಸಾಲಿನತ್ತ ಯಾರೂ ತಲೆ ಹಾಕಲಿಲ್ಲ.

ಪಕ್ಕದ ಪಾತ್ರೆ ಅಂಗಡಿಯ ಚನ್ನಯ್ಯ ಕೈ ಮುಗಿದ. "ಸಂಗಮನಾಥರ, ನಿಮ್ಮ ಗಿರಾಕಿ ನಮ್ಮ ಗಿರಾಕಿನೂ ನುಂಗಿಬಿಟ್ರಲ್ರೀ!"

ಹಬ್ಬದ ಹಿಂದಿನ ಸಂಜೆ ಸಂಗಮನಾಥ ಅಂಗಡಿಯಲ್ಲಿ ಒಬ್ಬನೇ ಕೂತಿದ್ದ. ಕರೆಂಟು ಹೋಯಿತು. ಮಬ್ಬಿನಲ್ಲಿ ಗೊಂಬೆಗಳ ನಡುವೆ ತಾನು ನಿಲ್ಲಿಸದ ಆಕೃತಿಯೊಂದು ನಿಂತಿತ್ತು. ಅದರ ಸೀರೆ ತನ್ನ ಅಂಗಡಿಯದಲ್ಲ. ಅದು ಉಸಿರಾಡುತ್ತಿತ್ತು!

"ಯಾ... ಯಾರದು?" ಕೈಗೆ ಸಿಕ್ಕ ಅಳತೆಗೋಲನ್ನು ಎತ್ತಿ ಹಿಡಿದ.

ಆಕೃತಿ ಮೆಲ್ಲಗೆ ತಿರುಗಿತು. ಸೌಭಾಗ್ಯ!

ಹೋದ ಜೀವ ಬಂದಂತಾಯಿತು. "ಬಂದ್ಯಾ ತಾಯಿ! ನೀನರ ಬೋಣಿ ಮಾಡು. ನಿನ್ನ ರಿಯಾಯಿತಿ ರೊಕ್ಕ ಎಲ್ಲದ?"

"ಬ್ಯಾಂಕಿನಾಗ ಇಟ್ಟೇನಿ. ನಮ್ಮ ಶಾಲ್ಯಾಗ ಎಲ್ಲಾರೂ ಇಟ್ಟಾರ."

"ಬ್ಯಾಂಕಿನಾಗ? ಗಂಡನ ಅಂಗಡ್ಯಾಗ ಒಂದ್ ಸೀರಿ ತಗೊಳ್ಳಾಕ ಆಗ್ಲಿಲ್ಲೇನು ನಿನಗ?"

ಸೌಭಾಗ್ಯ ಗೊಂಬೆಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಅಲ್ರೀ, ಈ ಅಂಗಡಿ ಮುಚ್ಚಿದ ಮ್ಯಾಲ ನಮ್ಮ ಮನಿ ನಡೀಬೇಕೋ ಬ್ಯಾಡೋ?"