ಕಾವು ಕಳೆದುಕೊಂಡ ಕಂಪ್ಯೂಟರ್

ಓದಿದ್ದು ಎಂಟನೇ ಕ್ಲಾಸೇ ಇರಬಹುದು, ಆದರೆ ಮಧುಗಿರಿ ತಾಲ್ಲೂಕಿನಲ್ಲಿ ನಾನು ಬಿಚ್ಚಿ ಜೋಡಿಸದ ಯಂತ್ರವಿಲ್ಲ! ಅಂಥವನಿಗೆ ಶಿರಾದ ಗುಜರಿ ಅಂಗಡಿಯಿಂದ ತಂದ ಮುದಿ ಕಂಪ್ಯೂಟರ್ ಸಡ್ಡು ಹೊಡೆಯುವುದೇ?

ಅದು ಕಣ್ಣು ಬಿಡುವಷ್ಟರಲ್ಲಿ ನಮ್ಮ ಕುರಿಗಳು ಮೇಯಲು ಹೋಗಿ ಹಿಂತಿರುಗುತ್ತಿದ್ದವು. ಹಾಗಾಗಿ ಆರಿಸುತ್ತಲೇ ಇರಲಿಲ್ಲ. ಹಗಲಿರುಳೂ ಏದುಸಿರು ಬಿಡುತ್ತಾ, ಮೈ ಕಾಯಿಸಿಕೊಂಡು ಕೂತಿರುತ್ತಿತ್ತು.

"ಲೇ ಹೊನ್ನಕ್ಕ, ಇದ್ರೊಳಗಿನ ಭಾರದ ಸಿಸ್ಟಮ್ ಅಳಿಸಿ ಹಗುರದ್ದು ಹಾಕ್ತೀನಿ. ಚೂರೇ ಚೂರು ಮೆಮೊರಿ ಸಾಕು, ದಿನವೆಲ್ಲ ಓಡ್ತದೆ!"

ಕಡಲೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಇನ್ನೊಂದ್ ವಾರ ಅದನ್ನ ಮುಟ್ಬ್ಯಾಡಿ."

ಯಾಕೆಂದು ಕೇಳುವ ಜಾಯಮಾನವೇ ನನ್ನದು? ಶುಕ್ರವಾರ ಅವಳು ಗೊರವನಹಳ್ಳಿ ಬಸ್ಸು ಹತ್ತಿದಳು. ನಾನು ಪೆನ್‌ಡ್ರೈವ್ ಚುಚ್ಚಿದೆ.

ಆಹಾ! ಮಧ್ಯಾಹ್ನಕ್ಕೆಲ್ಲ ಯಂತ್ರ ಹರೆಯಕ್ಕೆ ಮರಳಿತ್ತು. ಸದ್ದಿಲ್ಲ, ಸುಸ್ತಿಲ್ಲ. ಪರದೆಯ ತುಂಬ ನೀಲಿ ಆಕಾಶ, ಬಿಳಿ ಮೋಡ. ನೋಡುತ್ತಾ ನೋಡುತ್ತಾ ನಾನೇ ಹಗುರಾದೆ. ಮೋಡಗಳೆಲ್ಲ ಕುರಿಗಳಾದವು, ಕೊರಟಗೆರೆ, ಪಾವಗಡದ ಹಳೇ ಕಂಪ್ಯೂಟರ್‌ಗಳೆಲ್ಲ ಬ್ಯಾ ಬ್ಯಾ ಎನ್ನುತ್ತ ನನ್ನ ಹಿಂದೆ ಸಾಲಾಗಿ ಬೆಟ್ಟ ಹತ್ತತೊಡಗಿದವು...

"ಅಯ್ಯಯ್ಯೋ, ಇದ್ಯಾಕ್ರೀ ಇಂಗೆ ತಣ್ಣಗದೆ?"

ಕಣ್ಣುಬಿಟ್ಟರೆ ಎದುರಿಗೆ ಹೊನ್ನಕ್ಕ.

"ತಣ್ಣಗೆ! ಮುಟ್ಟಿ ನೋಡು, ಮಜ್ಜಿಗೆ ಇದ್ದಂಗದೆ!" ಎಂದು ಬೀಗಿದೆ.

ಅವಳು ಪೆಟ್ಟಿಗೆಯ ಹಿಂದೆ, ಫ್ಯಾನಿನ ಬಿಸಿಗಾಳಿ ಬರುವ ಕಡೆ ಇದ್ದ ಬುಟ್ಟಿಯ ಬಟ್ಟೆ ಸರಿಸಿದಳು. ಈರುಳ್ಳಿ ಎಂದುಕೊಂಡಿದ್ದೆ, ಮೊಟ್ಟೆಗಳು!

"ನಮ್ಮವ್ವ ಕೊಟ್ಟ ಕರೀ ಹೇಂಟೆದು. ಕಾವಿಗೆ ಕೂತಿದ್ದೋಳ್ನ ಮುಂಗುಸಿ ಹೊತ್ಕೊಂಡೋಯ್ತಲ್ಲ, ಆಗಿಂದ ಇಲ್ಲೇ ಮಡಗಿದ್ದೆ. ಆ ತಳೀಲಿ ಉಳ್ದಿರೋದು ಇವಷ್ಟೇ ಕಣ್ರೀ!"

ಅವಳು ಬುಟ್ಟಿಗೆ ಸೆರಗು ಮುಚ್ಚಿದಳು. ಯಂತ್ರ ಬಿಸಿಯಾಗಲೆಂದು ಸಿಕ್ಕಸಿಕ್ಕ ಸಿನಿಮಾಗಳನ್ನೆಲ್ಲ ಒಟ್ಟಿಗೆ ಓಡಿಸಿದೆ. ನಾನು ಬೆವರಿದೆನೇ ಹೊರತು ಆ ಪಾಪಿ ಬೆವರಲಿಲ್ಲ! ಹಳೇ ಸಿಸ್ಟಮ್ಮೋ, ನಾನೇ ಕೈಯಾರೆ ಅಳಿಸಿದ್ದೆ.

"ಕೂತ್ಕಳಿ," ಎಂದಳು. ಕೂತೆ. ಬುಟ್ಟಿ ನನ್ನ ಮಡಿಲಿಗೆ ಬಂತು, ಮೇಲೊಂದು ಕಂಬಳಿ. ಉಚ್ಚೆಗೆ ಏಳುವುದಕ್ಕೂ ಅವಳ ಅಪ್ಪಣೆ! ಹಗಲು ರಾತ್ರಿಗಳು ತೂಕಡಿಕೆಯಲ್ಲೇ ಒಂದರೊಳಗೊಂದು ಕರಗಿಹೋದವು.

ಒಂದು ಬೆಳಗ್ಗೆ ಪಕ್ಕದ ಮನೆಯ ಓಬಳಪ್ಪ ಇಣುಕಿದ. "ಇದೇನಣ್ಣ, ಕಂಬಳಿ ಹೊದ್ಕೊಂಡು ಕುಂತಿದೀಯ?"

ಉತ್ತರಿಸುವಷ್ಟರಲ್ಲಿ ಮಡಿಲೊಳಗೆ 'ಚಿಯ್' ಎಂದಿತು. ಹಿಗ್ಗಿನಿಂದ ಏಳಹೋದೆ.

"ಅಲ್ಲಾಡ್ಬ್ಯಾಡಿ, ಇನ್ನೂ ಅವೆ!" ಎಂದು ನನ್ನ ಭುಜ ಅದುಮಿ, ಹೊನ್ನಕ್ಕ ಓಬಳಪ್ಪನ ಕಡೆ ತಿರುಗಿದಳು: "ಆ ಕಂಪ್ಯೂಟ್ರಲ್ಲಿ ಆಗ್ಲಿಲ್ಲ ಕಣಪ್ಪ, ಮೊಟ್ಟೆ ಕೆಲ್ಸ ಇದಕ್ಕೆ ಹಾಕಿದೀನಿ. ಮೆಮೊರಿ ಕಮ್ಮಿ. ಆದ್ರೆ ಒಂದು ಮುದ್ದೆ ಹಾಕುದ್ರೆ ದಿನವೆಲ್ಲ ಓಡ್ತದೆ!"