ಅತ್ತೆಯವರಿಗೊಂದು ಖಾರದ ಪೈ

ಬೇರೆಯವರ ಮನೆಯಲ್ಲಿ ಅಡುಗೆ ಕೆಟ್ಟರೆ ನೀರು ಕುಡಿದು ಮಲಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅಡುಗೆ ಕೆಟ್ಟರೂ ಒಂದು ಕತೆ, ಚೆನ್ನಾಗಿ ಆದರೂ ಒಂದು ಕತೆ. ಈ ಪೈ ಬಂದ ಮೇಲಂತೂ ಕೇಳಲೇಬೇಡಿ.

ನನಗೆ ಯಳಂದೂರಿನಲ್ಲಿ ಸರ್ಕಾರಿ ಕೆಲಸ, ಮನೆ ಕೊಳ್ಳೇಗಾಲದಲ್ಲಿ. ದಿನಾ ಬಸ್ಸಿನಲ್ಲಿ ಕೂತು ಮೊಬೈಲ್ ನೋಡೋದು ಬಿಟ್ಟರೆ ಬೇರೆ ಕಸುಬಿಲ್ಲ. ಹಾಗೆ ನೋಡುವಾಗ ಕಣ್ಣಿಗೆ ಬಿದ್ದದ್ದು ಪೈ. ಮೈದಾಹಿಟ್ಟಿಗೆ ಬೆಣ್ಣೆ ಹಾಕಿ ಕಲಸಿ, ಲಟ್ಟಿಸಿ, ತಟ್ಟೆಗೆ ಹಾಸಿ, ಒಳಗೆ ಪಲ್ಯವೋ ಕೈಮಾವೋ ತುಂಬಿ, ಮೇಲೆ ಹಿಟ್ಟಿನದೇ ಮುಚ್ಚಳ ಮುಚ್ಚಿ ಕೆಂಪಗೆ ಬೇಯಿಸೋದು. ಒಂದು ತುಂಡು ತಿಂದರೆ ಹೊಟ್ಟೆ ತುಂಬಬೇಕು, ಅಂಥದ್ದು. ನೋಡಿದ ತಕ್ಷಣ ಅತ್ತೆ ನೆನಪಾದರು.

ಯಾಕೆಂದರೆ ಅತ್ತೆ ಊಟ ಬಿಟ್ಟಿದ್ದರು. ಹೋದ ವರ್ಷ ಮಾವ ತೀರಿಕೊಂಡಾಗಿನಿಂದ ಮೂಲೆಯಲ್ಲಿ ಒಬ್ಬರೇ ಕೂತು ನಿಂಬೆಹಣ್ಣಿನಷ್ಟು ಮುದ್ದೆ ನುಂಗಿ, 'ಸಾಕು ಕಣವ್ವ' ಅಂತ ಎದ್ದುಬಿಡೋರು. ಮಾವ ಇದ್ದಾಗ ಹೀಗಿರಲಿಲ್ಲ. ಅವರು ಉಣ್ಣುವಾಗ ಅತ್ತೆ ಎದುರಿಗೆ ಕೂತಿರೋರು. ಮಾವ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳೋರು, ಅದೇ ತಟ್ಟೆಗೆ ಇನ್ನಷ್ಟು ಬಡಿಸಿಕೊಂಡು ಅತ್ತೆ ಹೊಟ್ಟೆ ತುಂಬ ಉಣ್ಣೋರು.

ಇನ್ನೊಂದು ವಿಚಾರ. ನನ್ನ ಅಡುಗೆಯ ಮೇಲೆ ಅತ್ತೆಗೆ ಎಂಥ ತಕರಾರಿದ್ದರೂ ಒಂದು ದಿನ ನನ್ನ ಮುಖಕ್ಕೆ ಹೇಳಿದವರಲ್ಲ. ಮಾವನ ಕಿವಿಗೆ ಹಾಕೋರು. ಮಾವ ಕೈ ತೊಳೆದು ಬಂದು, ಗಂಟಲು ಸರಿಮಾಡಿಕೊಂಡು, 'ಉಪ್ಪು ಒಸಿ ಕಮ್ಮಿಯಂತೆ ಕಣವ್ವ' ಅನ್ನೋರು. ಆ 'ಅಂತೆ' ಕೇಳಿದರೆ ನನಗೆ ಮೈಯೆಲ್ಲ ಉರಿಯೋದು. ಈಗ ಉಪ್ಪು ಕಮ್ಮಿ ಅನ್ನೋರೂ ಇಲ್ಲ, ಜಾಸ್ತಿ ಅನ್ನೋರೂ ಇಲ್ಲ. 'ಹೆಂಗಿದೆ ಅತ್ತೆ?' ಅಂದರೆ 'ಎಲ್ಲಾ ಸರಿಯಾಗೇ ಅದ ಕಣವ್ವ' ಅಂತಾರೆ. ಅತ್ತೆ ನನ್ನ ಅಡುಗೆಯನ್ನ ಸರಿಯಾಗಿದೆ ಅಂದರೆ ನನಗೆ ಭಯವಾಗದೆ ಇರುತ್ತದೆಯೇ? ಹೆಂಗಾದರೂ ಮಾಡಿ ಇವರ ಹೊಟ್ಟೆ ತುಂಬಿಸಬೇಕು ಅಂತ ಹಟ ಹಿಡಿದೆ.

ಬೆಲ್ಲದ ಬದಲು

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ, ಮೇಲೆ ಪೈ ತಟ್ಟೆ ಇಟ್ಟು ಬೇಯಿಸಿದೆ. ತೆಗೆದು ನೋಡಿದರೆ ತಳ ಕೆಂಪಗಾಗಿತ್ತು, ಮೇಲ್ಭಾಗ ಸುಣ್ಣ ಬಳಿದಂಗೆ ಬೆಳ್ಳಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೀದಾ ಹೋಗಿ ಬಚ್ಚಲ ಹಂಡೆ ಒಲೆಯಿಂದ ಕೆಂಡ ತಂದು ಕುಕ್ಕರಿನ ಮುಚ್ಚಳದ ಮೇಲೆ ಸುರಿದರು. ಸ್ವಲ್ಪ ಹೊತ್ತಿಗೆ ಪೈ ಮೇಲೂ ಕೆಂಪಗಾಯಿತು.

ನನಗೆ ಖುಷಿಯೋ ಖುಷಿ. ದೊಡ್ಡದೊಂದು ತುಂಡು ಅತ್ತೆಯ ತಟ್ಟೆಗಿಟ್ಟು, ನೀರು ತರೋಣ ಅಂತ ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಅದರ ಮೇಲೆ ತುಪ್ಪ ಬಿಟ್ಟು, ಹಾಲು ಸುರಿದುಕೊಂಡು ಕಲಸುತ್ತಿದ್ದರು. ಅವರದೇನು ತಪ್ಪು? ನಮ್ಮ ಕಡೆ ದುಂಡಗಿದ್ದು, ಒಳಗೆ ಏನೋ ತುಂಬಿದ್ದರೆ ಅದು ಒಬ್ಬಟ್ಟೇ. ಒಳಗಿದ್ದದ್ದು ಮಾತ್ರ ಆಲೂಗಡ್ಡೆ, ಬಟಾಣಿ, ಹಸಿಮೆಣಸಿನಕಾಯಿ, ಕೈತುಂಬ ಬೆಳ್ಳುಳ್ಳಿ.

ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಉಗುಳಲಿಲ್ಲ, ಮುಖ ಸಿಂಡರಿಸಲಿಲ್ಲ, ನುಂಗಿ ಎದ್ದು ಹೋದರು. ಆಮೇಲೆ ನಮ್ಮ ಮನೆಯವರನ್ನ ಹಿತ್ತಲಿಗೆ ಕರೆದು ಗುಟ್ಟಾಗಿ ಹೇಳಿದರಂತೆ: "ಪಾಪ, ಆಪೀಸು ಕೆಲ್ಸ, ತಲೆ ಕೆಟ್ಟೋಯ್ತದ ಅವಳಿಗೆ. ಬೆಲ್ಲದ ಬದ್ಲು ಬೆಳ್ಳುಳ್ಳಿ ಆಕ್ಬುಟ್ಟವಳೆ. ನೀನೇನೂ ಅನ್ಬ್ಯಾಡ ಕಣ್ಲಾ."

ಬೇಕರಿಯವನ ಮರ್ಯಾದೆ

ಸಲಸಲವೂ ಅತ್ತೆ ಕೈಲಿ ಕೆಂಡ ಹೊರಿಸೋದು ಸರಿಯಲ್ಲ ಅಂತ, ಮುಂದಿನ ಸಲ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಗೇ ಹೋದೆ. ಬನ್ನು ಬೇಯಿಸೋ ದೊಡ್ಡ ಒಲೆ ಅವನದು. ಕೋಸು, ಕ್ಯಾರೆಟ್ಟು, ಅವರೆಕಾಳು ತುಂಬಿದ ಪೈ ತಟ್ಟೆ ಕೊಟ್ಟು, "ನಮ್ಮ ಅತ್ತೆಗೆ ಅಂತ ಮಾಡಿದ್ದು, ಸ್ವಲ್ಪ ಬೇಯಿಸಿಕೊಡಿ" ಅಂದೆ.

"ಅತ್ತೆಗಾ ಮೇಡಂ? ಕೊಟ್ಟೋಗಿ, ನನ್ಗೆ ಬುಡಿ" ಅಂದ. ಮಾತಿನಲ್ಲಿ ಎಷ್ಟು ಗೌರವ ಇತ್ತು ಅಂದರೆ, ಯಳಂದೂರು ಬಸ್ಸು ಹತ್ತಿದವಳಿಗೆ ಸಂಜೆವರೆಗೂ ಆ ಪೈ ಬಗ್ಗೆ ಚಿಂತೆಯೇ ಇರಲಿಲ್ಲ.

ಸಂಜೆ ದಾರ ಕಟ್ಟಿದ ಡಬ್ಬಿ ಕೈಗೆ ಕೊಟ್ಟ. ಮನೆಗೆ ತಂದು ಅತ್ತೆಯ ಮುಂದೆ ಬಿಚ್ಚಿದೆ. ಪೈ ಮೇಲೆ ಸಕ್ಕರೆಪಾಕ ಮಿರಮಿರ ಅಂತಿತ್ತು. ಸುತ್ತ ಕೆಂಪು, ಹಸಿರು ಟೂಟಿಫ್ರೂಟಿ. ನಡುವೆ ಗುಲಾಬಿ ಬಣ್ಣದ ಕ್ರೀಮಿನಲ್ಲಿ 'ಹ್ಯಾಪಿ ಬರ್ತ್‌ಡೇ ಅತ್ತೆ'. ಮಾರನೇ ದಿನ ಹೋಗಿ ಕೇಳಿದರೆ, "ಅತ್ತೆಗೆ ಅಂದ್ರಲ್ಲ ಮೇಡಂ, ಬೋಳಾಗಿ ಕಳ್ಸಕೆ ಮನಸು ಬರ್ನಿಲ್ಲ" ಅಂದ. ಅಂಥವನ ಮೇಲೆ ಕೂಗಾಡೋದು ಹೆಂಗೆ?

ಆವತ್ತು ಅತ್ತೆ ಆ ಅಕ್ಷರಗಳನ್ನೇ ನೋಡುತ್ತಾ ಕೂತು, "ಏನ್ ಬರ್ದದ್ಲಾ ಅದು?" ಅಂತ ಮಗನನ್ನ ಕೇಳಿದರು. ಇವರು, "ಇವತ್ತು ನೀನು ಹುಟ್ಟಿದ ದಿನವಂತೆ, ಬೇಕರಿಯವನು ಬರೆದವ್ನೆ" ಅಂದರು. ಅತ್ತೆ ಒಂದು ಕೆಂಪು ಟೂಟಿಫ್ರೂಟಿ ಕಿತ್ತು ಬಾಯಿಗೆ ಹಾಕಿಕೊಂಡು, "ನಾ ಹುಟ್ಟಿದ ದಿನ ನಮ್ಮವ್ವನ್ಗೇ ಗ್ಯಾಪಕ ಇರ್ನಿಲ್ಲ. ಬೇಕರಿಯವ್ನಿಗೆ ಎಂಗ್ಲಾ ಗೊತ್ತಾಯ್ತು?" ಅಂದರು.

ಬೆಟ್ಟದ ಬಸ್ಸು

ಹನೂರಿನಲ್ಲಿ ನಮ್ಮ ನಾದಿನಿ ಇದ್ದಾಳೆ, ಅತ್ತೆಯ ಮಗಳು. ಅವಳ ಮನೆಗೆ ಓವನ್ ಬಂತು ಅಂತ ಸುದ್ದಿ ತಿಳಿದದ್ದೇ ತಡ, ರಜಾದಿನ ನೋಡಿ ಹೊರಟೆ. ಅವಳ ಓವನ್ನಿನಲ್ಲಿ ಪೈ ಬೆಂದ ಚೆಂದ ಏನು ಹೇಳಲಿ. ಬಿಳಿ ಬಟ್ಟೆ ಮುಚ್ಚಿ, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಬಸ್ಸು ಬಂದದ್ದು ಮಾದಪ್ಪನ ಬೆಟ್ಟದಿಂದ. ಒಳಗೆ ಇದ್ದವರೆಲ್ಲ ತಲೆ ಬೋಳಿಸಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡವರು. ಹೊರಡುವಾಗ ನಾದಿನಿ ತನ್ನ ದೇವರ ಮನೆಯ ವಿಭೂತಿಯನ್ನ ನನ್ನ ಹಣೆಗೂ ಹಚ್ಚಿ ಕಳಿಸಿದ್ದಳು.

ಪಕ್ಕದಲ್ಲಿದ್ದ ಹಿರಿಯರು ಬಟ್ಟೆ ಕಡೆ ನೋಡಿ, "ಪರಸಾದವಾ ತಾಯಿ?" ಅಂದರು.

"ಅಲ್ಲ, ನಮ್ಮ ಅತ್ತೆಗೆ ತಕಂಡು ಹೋಗ್ತಿದ್ದೀನಿ" ಅಂದೆ.

"ಅತ್ತೆಗೂ ಇರ್ಲಿ, ನಮ್ಗೂ ಒಂದ್ ಚೂರ್ ಇರ್ಲಿ. ಪರಸಾದ ಇಲ್ಲ ಅನ್ಬಾರ್ದು" ಅಂತ ಎರಡೂ ಕೈ ಜೋಡಿಸಿ ಒಡ್ಡಿದರು. ಒಡ್ಡಿದ ಕೈಗೆ ಹಾಕದೆ ಇರೋಕೆ ಆಗುತ್ತದೆಯೇ? ಒಂದು ಚೂರು ಮುರಿದು ಹಾಕಿದೆ. ಅವರು ಕಣ್ಣಿಗೊತ್ತಿಕೊಂಡು ತಿಂದರು. ಅಷ್ಟೇ. ಹಿಂದಿನ ಸೀಟಿನಿಂದ ಕೈ ಬಂತು, ಅದರ ಹಿಂದಿನಿಂದ ಬಂತು, ಟಿಕೆಟ್ ಕೊಡಲು ಬಂದ ಕಂಡಕ್ಟರ್ ಚಪ್ಪಲಿ ಬಿಟ್ಟು ಕೈ ಚಾಚಿದ. ಹಿಂದಿನಿಂದ ಯಾರೋ, "ಈ ಸತಿ ಪರಸಾದಕ್ಕೆ ಕಾರ ಜಾಸ್ತಿ ಆಕವ್ರೆ" ಅಂದದ್ದೂ ಕೇಳಿಸಿತು. ಪುಣ್ಯಕ್ಕೆ ಅವತ್ತು ಕೈಮಾ ಹಾಕಿರಲಿಲ್ಲ. ಹಾಕಿದ್ದರೆ ಮಾದಪ್ಪ ನನ್ನನ್ನ ಬಸ್ಸಿನಿಂದಲೇ ತಳ್ಳುತ್ತಿದ್ದ.

ಮನೆಗೆ ಬಂದು ಖಾಲಿ ತಟ್ಟೆ ತೋರಿಸಿ ಅಳುಮೋರೆ ಮಾಡಿಕೊಂಡು ನಿಂತೆ. ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಪುಡಿಯನ್ನ ಬೆರಳಲ್ಲಿ ಒತ್ತಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಬಸ್ಸುಗಟ್ಲೆ ಜನದ ಒಟ್ಟೆಗೆ ಆಕ್ದಲ್ಲವ್ವ, ಇನ್ನೇನ್ ಬೇಕು" ಅಂದರು. ನನಗೆ ಬೇಕಾಗಿದ್ದದ್ದು ಒಂದೇ ಒಂದು ಹೊಟ್ಟೆ.

ಮಾವನ ಎಡೆ

ಮಾರ್ಲಾಮಿ ಹಬ್ಬ ಬಂತು. ಪಿತೃಪಕ್ಷದಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ. ಅವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಲಿ ಅಂತ. ಆ ಹೊತ್ತಿನಲ್ಲಿ ಯಾರೂ ಸದ್ದು ಮಾಡುವಂತಿಲ್ಲ.

ಮುದ್ದೆ, ಮಟನ್ ಸಾರು, ವಡೆ ಎಲ್ಲ ಆಯಿತು. ಅತ್ತೆ, "ನಿಮ್ಮ ಮಾವ ಒಸ ತಿಂಡಿ ಅಂದ್ರೆ ಬುಡ್ತಿರ್ನಿಲ್ಲ. ನಿನ್ ಪೈನೂ ಒಂದ್ ಇಡವ್ವ" ಅಂದರು. ಕೈಮಾ ತುಂಬಿ, ಮೇಲೆ ಕೆಳಗೆ ಕೆಂಡ ಇಟ್ಟು, ಎರಡು ಪೈ ಮಾಡಿದೆ. ಒಂದನ್ನ ಎಡೆಗಿಟ್ಟೆ.

ನಮ್ಮ ಮನೆಯವರು ಭಕ್ತಿ ಜಾಸ್ತಿಯಾಗಿ ಧೂಪಕ್ಕೆ ಸಾಂಬ್ರಾಣಿ ಸುರಿದೇ ಸುರಿದರು. ರೂಮೆಲ್ಲ ಹೊಗೆ. ಕೆಮ್ಮುತ್ತಾ ಈಚೆ ಬಂದೆವು. ಬೆಕ್ಕು ನುಗ್ಗೀತು ಅಂತ ಇವರು ಚಿಲಕವನ್ನೂ ಹಾಕಿದರು. ಹನೂರಿನಿಂದ ಬಂದಿದ್ದ ನಾದಿನಿಯೂ ಸೇರಿ ಪಡಸಾಲೆಯಲ್ಲಿ ಸಾಲಾಗಿ ಕೂತೆವು.

ಸ್ವಲ್ಪ ಹೊತ್ತಿಗೆ ಒಳಗೆ ಲೋಟ ಸರಿದ ಸದ್ದಾಯಿತು. ನಾದಿನಿ ಕೈಮುಗಿದು, "ಅಪ್ಪ ಬಂದ್ರು" ಅಂತ ಪಿಸುಗುಟ್ಟಿದಳು. ಇವರ ಕಣ್ಣಲ್ಲಿ ನೀರು. ಆಮೇಲೆ ಒಳಗಿಂದ ಒಂದು ಕೆಮ್ಮು ಬಂತು. ಅಪ್ಪ ಬಂದರು ಅಂತ ಅಳುತ್ತಿದ್ದ ಮಗ, ಅಪ್ಪ ಕೆಮ್ಮಿದರು ಅಂದ ಕೂಡಲೇ ನನ್ನ ಹಿಂದೆ ಬಂದು ಕೂತರು. ನಾನು ಸುತ್ತ ನೋಡಿದೆ. ನಾನಿದ್ದೀನಿ, ಇವರಿದ್ದಾರೆ, ನಾದಿನಿ ಇದ್ದಾಳೆ. ಅತ್ತೆ ಎಲ್ಲಿ?

ಚಿಲಕ ತೆಗೆದು ನೋಡಿದರೆ, ಹೊಗೆಯ ನಡುವೆ ಅತ್ತೆ ಎಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎರಡೂ ಕೆನ್ನೆ ಉಬ್ಬಿವೆ. ಪೈ ಕಾಣುತ್ತಿಲ್ಲ.

ನಾದಿನಿ, "ಅವ್ವ, ಎಡೆ ಮುಟ್ಬುಟ್ಯಾ?" ಅಂದಳು.

ಅತ್ತೆ ನಿಧಾನವಾಗಿ ಅಗಿದು ನುಂಗಿದರು. "ದೀಪದ ಬತ್ತಿ ಸರಿಮಾಡ್ತಿದ್ದೆ, ನೀವು ಬಾಗ್ಲಾಕುದ್ರಿ. ಕೂಗುದ್ರೆ ಅವ್ರು ಊಟದಿಂದ ಎದ್ದೋದಾರು ಅಂತ ಸುಮ್ಕಿದ್ದೆ. ಇವತ್ತೂ ಅರ್ಧ ಬುಟ್ಟೇ ಎದ್ರು ಕಣವ್ವ. ಅವ್ರು ಬುಟ್ಟುದ್ದ ನಾನಲ್ದೆ ಇನ್ಯಾರು ಉಣ್ಬೇಕು?"

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂದವು. ಅತ್ತೆ ಎಲೆಯನ್ನ ನನ್ನ ಕಡೆ ಸರಿಸಿ, "ಇನ್ನೊಂದು ಅದ ಅಲ್ವಾ, ತಕಂಡ್ ಬಾ" ಅಂದರು. ಓಡಿಹೋಗಿ ತಂದು ಬಡಿಸಿದೆ. ಅತ್ತೆ ಒಮ್ಮೆ ಮಾವನ ಫೋಟೋ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಥೇಟ್ ಮಾವನ ಹಾಗೇ ಗಂಟಲು ಸರಿಮಾಡಿಕೊಂಡರು.

"ಉಪ್ಪು ಒಸಿ ಕಮ್ಮಿಯಂತೆ ಕಣವ್ವ. ನಿಮ್ಮ ಮಾವ ಯೋಳುದ್ರು."