ಗೋಡೆಯ ಬುಡದ ಎಣ್ಣೆ

ವಯಸ್ಸಾದಂತೆ ಹೊಟ್ಟೆಗೆ ಒಂದೊಂದೇ ಪದಾರ್ಥ ಒಗ್ಗದಂತಾಗುತ್ತದೆ. ನನಗೆ ಮೊದಲು ಮಿರ್ಚಿಭಜಿ ಹೋಯಿತು, ಆಮೇಲೆ ಹೋಳಿಗೆ. ಈಗ ಸಜ್ಜೆ ರೊಟ್ಟಿಯೂ ಎದೆಯ ಮೇಲೆ ಕೂತು ವಿಚಾರಣೆ ಮಾಡುತ್ತದೆ. ಆದರೆ ಒಂದು ಸುಳ್ಳನ್ನು ಮಾತ್ರ ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಒಂದು ತೇಗೂ ಬಾರದಂತೆ ಬದುಕಿದೆ. ಅದನ್ನು ಹೇಳಿಬಿಡುತ್ತೇನೆ.

ಮಾನ್ವಿಯಲ್ಲಿ ಮನೆಗೆ ಹೊಂದಿಕೊಂಡೇ ನನ್ನ ಮೋಟಾರ್ ಸೈಕಲ್ ರಿಪೇರಿ ಅಂಗಡಿಯಿತ್ತು. ಹತ್ತನೇ ಕ್ಲಾಸು ಮುಗಿಸಿ ನಟ್ಟು ಬಿಚ್ಚುವ ಪಾನಾ ಹಿಡಿದವನು, ಮೊಣಕಾಲು ಕೈಕೊಟ್ಟ ಮೇಲೆಯೇ ಬಿಟ್ಟೆ. ಗಾಡಿಯಿಂದ ಇಳಿಸಿದ ಸುಟ್ಟ ಆಯಿಲನ್ನು ಹಿತ್ತಲ ಗೋಡೆಯ ಬುಡಕ್ಕೆ ಸುರಿಯುವುದು ನನ್ನ ಪದ್ಧತಿ. ಗೆದ್ದಲು ಬಾರದಿರಲೆಂದು ನಮ್ಮ ಕಡೆ ಬಾಗಿಲ ಚೌಕಟ್ಟಿಗೆ, ಬೇಲಿಯ ಗೂಟಕ್ಕೆ ಎಲ್ಲರೂ ಅಷ್ಟಿಷ್ಟು ಬಳಿಯುತ್ತಾರೆ. ನಾನು ಡಬ್ಬಿಗಟ್ಟಲೆ ಹೊಯ್ದೆ. ಗೆದ್ದಲೇನೋ ಬರಲಿಲ್ಲ. ಆ ಗೋಡೆ ಪೂರ್ತಿ ಕಲ್ಲಿನದು, ಗೆದ್ದಲು ಬಂದು ಮಾಡುವುದಾದರೂ ಏನಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಗೋಡೆಯ ಆಚೆ ಹಮೀದಾ ಆಪಾ ಅವರ ನಿಂಬೆಗಿಡ. ತವರೂರು ದೇವದುರ್ಗದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ವರ್ಷವೂ ಉಪ್ಪಿನಕಾಯಿಯ ಮೊದಲ ಭರಣಿ ನಮ್ಮ ಮನೆಗೇ. ಒಂದು ವರ್ಷ ಎಲೆ ಹಳದಿಯಾಯಿತು, ಮರುವರ್ಷ ಗಿಡ ಒಣಗಿತು. ಅವರ ಸೊಸೆ ಶಬಾನಾ ಆಗಷ್ಟೇ ಗಿಲ್ಲೆಸುಗೂರಿನಿಂದ ಮದುವೆಯಾಗಿ ಬಂದಿದ್ದಳು. ಅನ್ನ ಬಸಿದ ಬಿಸಿ ಗಂಜಿಯನ್ನು ಬುಡಕ್ಕೆ ಚೆಲ್ಲಿ ಗಿಡ ಕೊಂದವಳು ಅವಳೇ ಎಂದು ತೀರ್ಮಾನವಾಯಿತು. ತಣ್ಣಗೆ ಆರಿಸಿಯೇ ಹಾಕಿದ್ದೆ ಎಂದು ಆಕೆ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಒಣಗಿದ ಗಿಡ ಕೀಳಲು ನೆರೆಯವನೆಂಬ ಪ್ರೀತಿಯಿಂದ ನಾನೇ ಹೋದೆ. ಬೇರು ಮೂಸಿದೆ. ನನ್ನ ಅಂಗಡಿಯ ವಾಸನೆ.

ಬಾಯಿ ಬಿಡಲಿಲ್ಲ. ಆಯಿಲ್ ಸುರಿಯುವುದನ್ನೂ ಬಿಡಲಿಲ್ಲ, ಒಮ್ಮೆಲೇ ನಿಲ್ಲಿಸಿದರೆ ಅನುಮಾನ ಬರುತ್ತದಲ್ಲ. ಅಂದಿನಿಂದ ಆ ಮನೆಯಲ್ಲಿ ಹಾಲು ಒಡೆದರೂ, ಹಿಟ್ಟು ಹುಳಿಯಾದರೂ ‘ಗಿಡಾ ಸುಟ್ಟ ಕೈ’ ಎಂಬ ಮಾತು ಗೋಡೆ ದಾಟಿ ಬರುತ್ತಿತ್ತು. ನಾನು ಪಾನಾ ಹುಡುಕುವವನಂತೆ ತಲೆ ತಗ್ಗಿಸುತ್ತಿದ್ದೆ. ಆಪಾ ಸಂತೆಯ ನಿಂಬೆಹಣ್ಣು ತಂದು ಹಾಕಿ ಭರಣಿ ಕಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ನಾನೂ ತಿನ್ನುವುದನ್ನು ತಪ್ಪಿಸಲಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ತಂಗಿಯ ಮೊಮ್ಮಗಳು ಮಹಾದೇವಿ ಬಂದಳು. ಕುರ್ಡಿ ಊರಿನವಳು, ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಆಪಾ ಮತ್ತು ಶಬಾನಾ ನಮ್ಮ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಹುಡುಗಿ ಮಂಡಿಯೂರಿ ಗೋಡೆ ಬುಡದ ಕರಿಮಣ್ಣನ್ನು ಚಮಚದಿಂದ ಚೀಲಕ್ಕೆ ತುಂಬತೊಡಗಿದಳು, ಪ್ರಸಾದ ಕಟ್ಟಿಕೊಳ್ಳುವವಳ ಹಾಗೆ. ಎಣ್ಣೆ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಇಂಥ ಮಣ್ಣಿನಲ್ಲೇ ಹೆಚ್ಚು ಸಿಗುತ್ತವಂತೆ. ಸಾಮಾನ್ಯ ಮಣ್ಣಿನಲ್ಲೂ ಒಂದಿಷ್ಟು ಇರುತ್ತವೆ, ಎಣ್ಣೆ ಬೀಳುತ್ತಲೇ ಇದ್ದಲ್ಲಿ ಅವುಗಳ ಸಂಸಾರ ಬೆಳೆಯುತ್ತದೆ. ಗಾಳಿ, ತೇವ, ಸ್ವಲ್ಪ ಗೊಬ್ಬರ ಕೊಟ್ಟರೆ ಎಣ್ಣೆಯನ್ನು ನಿಧಾನವಾಗಿ ಒಡೆದು ಅರಗಿಸುತ್ತವಂತೆ. ಇಷ್ಟು ಜೀವಗಳಿಗೆ ಅನ್ನದಾನ ಮಾಡಿದವನು ಮಾನ್ವಿಯಲ್ಲಿ ಇನ್ನೊಬ್ಬನಿರಲಾರ ಎಂದು ನಾನು ಎದೆಯುಬ್ಬಿಸುವಷ್ಟರಲ್ಲಿ ಅವಳು ಪೆನ್ನು ತೆಗೆದಳು.

“ಮುತ್ಯಾ, ಇಲ್ಲಿ ಆಯಿಲ್ ಎಷ್ಟು ವರ್ಷ ಹಾಕೀರಿ? ಖರೇ ಹೇಳ್ರಿ, ಬರಕೋಬೇಕು. ಇಂಥಾ ಮಣ್ಣಾಗ ಗಿಡದ ಬೇರು ಉಳಿಯಂಗಿಲ್ಲ.”

ಆಪಾ ಅವರ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಎರಡು ವರ್ಷ ಎಂದುಬಿಡಬಹುದಿತ್ತು. ಆದರೆ ಶಬಾನಾ ನನ್ನನ್ನೇ ನೋಡುತ್ತಿದ್ದಳು.

“ಇಪ್ಪತ್ತೆರಡು ವರ್ಷ,” ಎಂದೆ. “ಆಪಾ, ನಿಮ್ಮ ಗಿಡಾ ಕೊಂದಾಂವ ನಾನು. ಆಕಿ ಅಲ್ಲ. ಬೇರು ಕಿತ್ತಾಗನ ನನಗ ಗೊತ್ತಾಗಿತ್ತು.”

ಆಪಾ ಸೊಸೆಯ ಕಡೆ ತಿರುಗಿ ತಮ್ಮ ಉರ್ದುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಶಬಾನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆಪಾ ನನ್ನನ್ನು ನೋಡಿ, “ಉಪ್ಪಿನಕಾಯಿ ಹ್ಯಾಂಗ ನುಂಗಿದಿ ಬಸಣ್ಣ?” ಎಂದರು. ಆ ವರ್ಷ ಭರಣಿ ಬರಲಿಲ್ಲ.

ಮಹಾದೇವಿ ಹೇಳಿದಂತೆ ಈಗ ಆ ಮಣ್ಣನ್ನು ವಾರಕ್ಕೊಮ್ಮೆ ಕೆದರಿ, ಗೊಬ್ಬರ ಬೆರೆಸಿ, ತೇವ ಮಾಡುತ್ತೇನೆ. ಪೂರ್ತಿ ತಿಳಿಯಾಗಲು ವರ್ಷಗಳೇ ಬೇಕಂತೆ. ಅಲ್ಲಿಯವರೆಗೆ ಇರಲಿ ಎಂದು ಶಬಾನಾ ಒಂದು ನಿಂಬೆಸಸಿಯನ್ನು ಡಬ್ಬಿಯಲ್ಲಿ ನೆಟ್ಟು ನನ್ನ ಹಿತ್ತಲಲ್ಲಿಟ್ಟಿದ್ದಾಳೆ. ನೀರು ಹಾಕುವ ಕೆಲಸ ನನ್ನದು. ದಿನಾ ಬೆಳಿಗ್ಗೆ ನಾನು ತಂಬಿಗೆ ಎತ್ತುವ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಅವಳ ಮುಖ ಕಾಣುತ್ತದೆ.

“ಕಾಕಾ, ನೀರು ತಣ್ಣಗ ಅದಾವೇನ್ರಿ?”

ನಲ್ಲಿಯಿಂದ ಆಗಷ್ಟೇ ಹಿಡಿದ ನೀರು. ಆದರೂ ನಾನು ಬೆರಳು ಅದ್ದಿ ನೋಡಿ, “ಅದಾವ ಯವ್ವಾ” ಎಂದು ಹೇಳಿಯೇ ಹಾಕುತ್ತೇನೆ.